ಮನೆಯೊಳಗೆ ಮಣ್ಣಿಲ್ಲದೆ ಟೊಮೆಟೊ ಬೆಳೆಯುವ ಬಗ್ಗೆ ಸಾರ್ವಜನಿಕರಿಗೆ ಮಾಹಿತಿ

ಮಣ್ಣನ್ನು ಬಳಸದೆ, ಸಸ್ಯಕ್ಕೆ ಅವಶ್ಯವಿರುವ ಪೋಷಕಾಂಶಗಳನ್ನು ನೀರಿನಲ್ಲಿ ಕರಗಿಸಿ ಬೇರುಗಳಿಗೆ ನೇರವಾಗಿ ಒದಗಿಸುವ ಪದ್ಧತಿಯನ್ನು ಜಲಕೃಷಿ ಅಥವಾ ಹೈಡ್ರೋಪೋನಿಕ್ಸ್ ಎಂದು ಕರೆಯಲಾಗುತ್ತದೆ. 2023ರ ಜುಲೈ ತಿಂಗಳಿನಲ್ಲಿ ಟೊಮೆಟೊ ಚಿಲ್ಲರೆ ದರವು ಕೆ.ಜಿ.ಗೆ 100 ರೂಪಾಯಿಗಳನ್ನು ಮೀರಿದ ಸಂದರ್ಭದಲ್ಲಿ, ಮನೆಯಲ್ಲಿಯೇ ಬೆಳೆದುಕೊಂಡರೆ ಹೇಗೆ ಎಂಬ ಆಲೋಚನೆ ನಗರವಾಸಿ ಕುಟುಂಬಗಳಿಗೆ ಬಂದಿದ್ದಲ್ಲಿ ಅದು ಸಹಜವೇ ಆಗಿರುತ್ತದೆ. ಮಾರುಕಟ್ಟೆಯಲ್ಲಿ ಸಿದ್ಧ ಘಟಕಗಳು ದೊರೆಯುತ್ತಿದ್ದು, ಪೈಪು, ಪಂಪು, ದೀಪ, ಗೊಬ್ಬರ ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ಮಾರಾಟ ಮಾಡಲಾಗುತ್ತಿದೆ. ಆದರೆ ಸದರಿ ಪೆಟ್ಟಿಗೆಯಲ್ಲಿ ಸಾಕಷ್ಟು ಇಲ್ಲದ ವಸ್ತುವೊಂದಿದೆ. ಅದು ಬೆಳಕು.

ಘಟಕ ಖರೀದಿಸುವ ಮುನ್ನ, ಅಥವಾ ಸಹಾಯಧನ ಕೋರಿ ಅರ್ಜಿ ಸಲ್ಲಿಸುವ ಮುನ್ನ, ಸಾರ್ವಜನಿಕರು ತಮ್ಮ ಮನೆಯಲ್ಲಿ ಟೊಮೆಟೊ ಕಾಯಿ ಕಚ್ಚುವಷ್ಟು ಬೆಳಕು, ಯೋಗ್ಯವಾದ ನೀರು ಮತ್ತು ದಿನನಿತ್ಯ ಸ್ವಲ್ಪ ಸಮಯ ಲಭ್ಯವಿದೆಯೇ ಎಂಬುದನ್ನು ತಾವೇ ಪರಿಶೀಲಿಸಿಕೊಳ್ಳಲು ಅನುಕೂಲವಾಗುವಂತೆ ಈ ಮಾಹಿತಿಯನ್ನು ನೀಡಲಾಗಿದೆ.

ಹಿನ್ನೆಲೆ

ಸಸ್ಯಗಳು ಮಣ್ಣಿಲ್ಲದೆ ಕೇವಲ ಲವಣದ್ರಾವಣದಲ್ಲಿ ಬೆಳೆಯಬಲ್ಲವು ಎಂಬುದನ್ನು ಜರ್ಮನಿಯ ವಿಜ್ಞಾನಿಗಳಾದ ಸ್ಯಾಕ್ಸ್ ಮತ್ತು ನಾಪ್ ಅವರು 1860ರ ದಶಕದಲ್ಲಿ ತೋರಿಸಿಕೊಟ್ಟಿದ್ದರು. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಲಿಯಂ ಗೆರಿಕೆ ಅವರು ಇದನ್ನು ಪ್ರಯೋಗಶಾಲೆಯಿಂದ ಹೊರತಂದು, ನೀರಿನ ತೊಟ್ಟಿಗಳಲ್ಲಿ ಸುಮಾರು 25 ಅಡಿ ಎತ್ತರದ ಟೊಮೆಟೊ ಬಳ್ಳಿಗಳನ್ನು ಬೆಳೆಸಿ, 1937ರಲ್ಲಿ ಹೈಡ್ರೋಪೋನಿಕ್ಸ್ ಎಂಬ ಹೆಸರನ್ನು ಪ್ರಚಾರಕ್ಕೆ ತಂದರು. ಭಾರತದಲ್ಲಿ ಶೋಲ್ಟೊ ಡಗ್ಲಾಸ್ ಅವರು 1946ರ ಸುಮಾರಿಗೆ ಬಂಗಾಳದ ಕಾಲಿಂಪಾಂಗ್‌ನಲ್ಲಿ ಪ್ರಯೋಗಗಳನ್ನು ಕೈಗೊಂಡು, ಅಗ್ಗದ ಸಾಮಗ್ರಿಗಳಿಂದಲೇ ನಡೆಸಬಹುದಾದ ಸರಳ ಪದ್ಧತಿಯೊಂದನ್ನು ರೂಪಿಸಿದರು.

ಗೆರಿಕೆ ಅವರ ಬೆಳೆಯ ಸುದ್ದಿ ಹರಡಿದಾಗ ಅಲ್ಲಿಯೂ ಬಹಳ ದೊಡ್ಡ ನಿರೀಕ್ಷೆಗಳು ಹುಟ್ಟಿಕೊಂಡಿದ್ದವು. ಅದೇ ವಿಶ್ವವಿದ್ಯಾಲಯದ ಹೋಗ್‌ಲೆಂಡ್ ಮತ್ತು ಆರ್ನನ್ ಅವರು ವಿಷಯವನ್ನು ಪರಿಶೀಲಿಸಿ 1938ರಲ್ಲಿ ವರದಿ ಪ್ರಕಟಿಸಿದರು. ಉತ್ತಮ ಮಣ್ಣಿನಲ್ಲಿ ಬರುವ ಇಳುವರಿಗಿಂತ ದ್ರಾವಣದಲ್ಲಿ ಬರುವ ಇಳುವರಿ ತಾನಾಗಿಯೇ ಹೆಚ್ಚಾಗುವುದಿಲ್ಲ. ಪೋಷಕಾಂಶ ಸಾಕಷ್ಟಿರುವಾಗ ಇಳುವರಿಯನ್ನು ನಿರ್ಧರಿಸುವುದು ಬೆಳಕು ಮೊದಲಾದ ಇತರ ಅಂಶಗಳು ಎಂಬುದು ಅವರ ನಿರ್ಣಯವಾಗಿತ್ತು. ಇಂದಿನ ಅನೇಕ ಜಾಹೀರಾತುಗಳನ್ನು ಓದುವಾಗಲೂ ಈ ಹಳೆಯ ವರದಿಯನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳಿತು.

ಬೆಳಕಿನ ಲೆಕ್ಕ

ಮನುಷ್ಯನ ಕಣ್ಣು ಮಂದ ಬೆಳಕಿಗೆ ಬಹುಬೇಗ ಹೊಂದಿಕೊಳ್ಳುವುದರಿಂದ, ಕೋಣೆಯೊಳಗಿನ ಬೆಳಕನ್ನು ಅಂದಾಜು ಮಾಡುವಲ್ಲಿ ಬಹುತೇಕ ಎಲ್ಲರೂ ತಪ್ಪುತ್ತಾರೆ. ನಡುಹಗಲಿನ ನೇರ ಬಿಸಿಲಿನಲ್ಲಿ ಬೆಳಕಿನ ಪ್ರಮಾಣ ಸುಮಾರು 1,00,000 ಲಕ್ಸ್ ಇರುತ್ತದೆ. ಟ್ಯೂಬ್‌ಲೈಟ್ ಉರಿಯುತ್ತಿರುವ ಕೋಣೆಯಲ್ಲಿ ಇದು 150ರಿಂದ 300 ಲಕ್ಸ್ ಮಾತ್ರ. ಓದಲು, ಬರೆಯಲು ಇಷ್ಟು ಸಾಕು. ಟೊಮೆಟೊ ಗಿಡಕ್ಕೆ ಇದು ಕತ್ತಲೆಗೆ ಸಮಾನ. ಕಿಟಕಿಯ ಪಕ್ಕದಲ್ಲಿಟ್ಟ ಗಿಡಕ್ಕೆ ಗಾಜು, ಸರಳು ಮತ್ತು ಸೊಳ್ಳೆಪರದೆಗಳು ಒಂದೊಂದಾಗಿ ಬೆಳಕನ್ನು ಕಡಿಮೆ ಮಾಡುತ್ತವೆ. ಬಣ್ಣದ ಗಾಜಾಗಿದ್ದಲ್ಲಿ ಹೆಚ್ಚಿನ ಪಾಲು ಅಲ್ಲಿಯೇ ಉಳಿದುಹೋಗುತ್ತದೆ.

ಸಸ್ಯಕ್ಕೆ ಒಂದು ಕ್ಷಣದ ಬೆಳಕಿಗಿಂತ ದಿನವಿಡೀ ದೊರೆತ ಬೆಳಕಿನ ಒಟ್ಟು ಮೊತ್ತ ಮುಖ್ಯ. ಇದನ್ನು ಉಳಿತಾಯ ಖಾತೆಗೆ ಪ್ರತಿದಿನ ಬೀಳುವ ಜಮೆಗೆ ಹೋಲಿಸಬಹುದು. ಈ ಮೊತ್ತವನ್ನು ಒಂದು ಚದರ ಮೀಟರ್ ಜಾಗಕ್ಕೆ ಇಷ್ಟು ಮೋಲ್ ಎಂದು ಅಳೆಯಲಾಗುತ್ತದೆ. ಸೊಪ್ಪಿನ ಬೆಳೆಗಳು ದಿನಕ್ಕೆ 12ರಿಂದ 17 ಮೋಲ್ ಬೆಳಕಿನಲ್ಲಿ ಚೆನ್ನಾಗಿ ಬರುತ್ತವೆ. ಟೊಮೆಟೊಗೆ ಸಣ್ಣ ಗಿಡವಾದರೂ 15ರಿಂದ 20, ಒಳ್ಳೆಯ ಫಸಲಿಗೆ 20ರಿಂದ 30 ಮೋಲ್ ಅವಶ್ಯ. ಜಮೆ ಕಡಿಮೆಯಾದಲ್ಲಿ ಗಿಡ ಸಾಯುವುದಿಲ್ಲ. ಉದ್ದುದ್ದ ಬೆಳೆಯುತ್ತದೆ, ಹಸಿರಾಗಿಯೇ ಕಾಣುತ್ತದೆ, ಹೂ ಬಿಟ್ಟು ಉದುರಿಸುತ್ತದೆ. ಮೂರು ತಿಂಗಳು ನೀರು, ಗೊಬ್ಬರ, ವಿದ್ಯುತ್ ವ್ಯಯಿಸಿದ ನಂತರವೇ ಕಾಯಿ ಬರುವುದಿಲ್ಲವೆಂದು ಮನೆಯವರಿಗೆ ತಿಳಿಯುತ್ತದೆ. ಅಷ್ಟರಲ್ಲಿ ಗೊಬ್ಬರವನ್ನು ದೂರಿ ಮತ್ತಷ್ಟು ಗೊಬ್ಬರ ಹಾಕಿಯೂ ಆಗಿರುತ್ತದೆ.

ಆದುದರಿಂದ ಮೊದಲಿಗೆ ಮಾಡಬೇಕಾದ ಕೆಲಸವು ಯಾವುದೇ ಖರ್ಚಿಲ್ಲದ್ದು. ಗಿಡ ಇಡಲು ಉದ್ದೇಶಿಸಿರುವ ಜಾಗದಲ್ಲಿ ನೇರ ಬಿಸಿಲು ಎಷ್ಟು ಗಂಟೆಗೆ ಬರುತ್ತದೆ, ಎಷ್ಟು ಗಂಟೆಗೆ ಹೋಗುತ್ತದೆ ಎಂಬುದನ್ನು ಒಂದು ವಾರ ಬರೆದಿಟ್ಟುಕೊಳ್ಳುವುದು. ದಿನಕ್ಕೆ ಕನಿಷ್ಠ 5ರಿಂದ 6 ಗಂಟೆ ನೇರ ಬಿಸಿಲು ಬೀಳುವ ಬಾಲ್ಕನಿ ಅಥವಾ ಕಿಟಕಿ ಇದ್ದಲ್ಲಿ ಸಣ್ಣ ತಳಿಯ ಟೊಮೆಟೊ ಪ್ರಯತ್ನಿಸಬಹುದು. ಮೊಬೈಲ್ ಫೋನಿನ ಬೆಳಕು ಅಳೆಯುವ ತಂತ್ರಾಂಶಗಳು ನಿಖರವಲ್ಲದಿದ್ದರೂ ಒಂದು ಮೂಲೆಗೂ ಇನ್ನೊಂದು ಮೂಲೆಗೂ ಇರುವ ವ್ಯತ್ಯಾಸವನ್ನು ತಿಳಿಯಲು ಸಾಕಾಗುತ್ತವೆ.

ಈ ಅಳತೆಯನ್ನು ಯಾವ ತಿಂಗಳಿನಲ್ಲಿ ಮಾಡಲಾಗಿದೆ ಎಂಬುದೂ ಮುಖ್ಯ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ನಡುಹಗಲಿನ ಸೂರ್ಯ ನೇರವಾಗಿ ನೆತ್ತಿಯ ಮೇಲಿರುತ್ತಾನೆ; ಶೂನ್ಯ ನೆರಳಿನ ದಿನಗಳೆಂದು ಕರೆಯಲ್ಪಡುವುದು ಇವೇ. ಈ ಎರಡು ದಿನಾಂಕಗಳ ನಡುವೆ ಸೂರ್ಯ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಹಾಗಾಗಿ ಡಿಸೆಂಬರ್‌ನಲ್ಲಿ ಬಿಸಿಲು ತುಂಬಿದ್ದ ದಕ್ಷಿಣದ ಬಾಲ್ಕನಿಗೆ ಜೂನ್‌ನಲ್ಲಿ ನೇರ ಬಿಸಿಲು ಬಾರದೇ ಇರಬಹುದು. ಮೇಲಿನ ಮಹಡಿಯ ಚಾಚು ಇದ್ದಲ್ಲಿ ಖಂಡಿತವಾಗಿ ಬಾರದು. ಪೂರ್ವ ಮತ್ತು ಪಶ್ಚಿಮದ ಬಾಲ್ಕನಿಗಳಿಗೆ ವರ್ಷವಿಡೀ ಅರ್ಧ ದಿನದ ಬಿಸಿಲು ಹೆಚ್ಚುಕಡಿಮೆ ನಿಶ್ಚಿತ. ದಕ್ಷಿಣದ ಬಾಲ್ಕನಿ ಉಳ್ಳವರು ಅಕ್ಟೋಬರ್‌ನಲ್ಲಿ ಬಿತ್ತನೆ ಮಾಡಿ ಫೆಬ್ರವರಿಯೊಳಗೆ ಬೆಳೆ ಮುಗಿಸುವುದು ಸೂಕ್ತ.

ದೀಪದ ಖರ್ಚು

ಬಿಸಿಲು ಬಾರದ ಕೋಣೆಯಲ್ಲಿ ಎಲ್.ಇ.ಡಿ. ದೀಪದ ಅಡಿಯಲ್ಲಿಯೇ ಸಂಪೂರ್ಣವಾಗಿ ಟೊಮೆಟೊ ಬೆಳೆಯುವುದು ಸಾಧ್ಯವಿದೆ. ಆದರೆ ಖರ್ಚನ್ನು ಮುಂಚಿತವಾಗಿ ಲೆಕ್ಕ ಹಾಕಿಕೊಳ್ಳತಕ್ಕದ್ದು. ಉದಾಹರಣೆಗೆ, 2 ಅಡಿ ಉದ್ದ, 2 ಅಡಿ ಅಗಲದ ಜಾಗದಲ್ಲಿ ನಾಲ್ಕು ಕುಬ್ಜ ಗಿಡಗಳನ್ನು ಬೆಳೆಸಲು, ಗಿಡದ ತುದಿಯಲ್ಲಿ ಸುಮಾರು 20,000 ಲಕ್ಸ್ ಬೆಳಕನ್ನು ದಿನಕ್ಕೆ 14 ಗಂಟೆ ಒದಗಿಸಬೇಕಾಗುತ್ತದೆ. ಉತ್ತಮ ದರ್ಜೆಯ ದೀಪವಾದಲ್ಲಿ ಇದಕ್ಕೆ ಸುಮಾರು 80 ವ್ಯಾಟ್ ಬೇಕು. ದಿನಕ್ಕೆ 1.12 ಯೂನಿಟ್, ತಿಂಗಳಿಗೆ ಸುಮಾರು 34 ಯೂನಿಟ್, ನಾಲ್ಕು ತಿಂಗಳ ಬೆಳೆಗೆ ಸುಮಾರು 134 ಯೂನಿಟ್ ವಿದ್ಯುತ್ ಖರ್ಚಾಗುತ್ತದೆ. ಲೆಕ್ಕದ ಅನುಕೂಲಕ್ಕಾಗಿ ಯೂನಿಟ್‌ಗೆ 6 ರೂಪಾಯಿ ಎಂದು ಹಿಡಿದಲ್ಲಿ 800 ರೂಪಾಯಿ. ನಾಲ್ಕು ಕುಬ್ಜ ಗಿಡಗಳು ತಲಾ ಅರ್ಧ ಕೆ.ಜಿ. ಕೊಟ್ಟವು ಎಂದಿಟ್ಟುಕೊಂಡರೆ ಒಟ್ಟು ಫಸಲು 2 ಕೆ.ಜಿ. ಅಂದರೆ ಕೆ.ಜಿ.ಗೆ 400 ರೂಪಾಯಿ ವಿದ್ಯುತ್ತಿಗೇ ಆಯಿತು. ದೀಪ, ಬಕೆಟ್ಟು, ಗೊಬ್ಬರ, ಬೀಜಗಳ ಬೆಲೆ ಇದರಲ್ಲಿ ಸೇರಿರುವುದಿಲ್ಲ. 2023ರ ದುಬಾರಿ ಟೊಮೆಟೊ ಕೂಡ ಇದಕ್ಕಿಂತ ಅಗ್ಗವಾಗಿತ್ತು.

ಇನ್ನೂ ಒಂದು ಅಂಶವನ್ನು ಗಮನಿಸತಕ್ಕದ್ದು. 2023ರಲ್ಲಿ ಜಾರಿಗೆ ಬಂದ ಗೃಹ ಜ್ಯೋತಿ ಯೋಜನೆಯ ನಿಯಮಗಳಂತೆ, 2022-23ನೇ ಸಾಲಿನ ಸರಾಸರಿ ಬಳಕೆಯ ಆಧಾರದ ಮೇಲೆ ಪ್ರತಿ ಮನೆಯ ಉಚಿತ ಪ್ರಮಾಣವನ್ನು ನಿಗದಿಪಡಿಸಲಾಗಿದ್ದು, ತಿಂಗಳ ಬಳಕೆ 200 ಯೂನಿಟ್‌ಗಳನ್ನು ಮೀರಿದಲ್ಲಿ ಪೂರ್ಣ ಬಿಲ್ಲನ್ನು ಗ್ರಾಹಕರೇ ಪಾವತಿಸಬೇಕಾಗುತ್ತದೆ. ತಿಂಗಳಿಗೆ 175 ಯೂನಿಟ್ ಬಳಸುತ್ತಿದ್ದು ಬಿಲ್ಲು ಪಾವತಿಸದೇ ಇದ್ದ ಕುಟುಂಬವು ಮೇಲ್ಕಂಡ ದೀಪವನ್ನು ಅಳವಡಿಸಿಕೊಂಡಲ್ಲಿ ಬಳಕೆ 209 ಯೂನಿಟ್‌ಗಳಿಗೆ ಏರುತ್ತದೆ. ಆಗ ಆ ಕುಟುಂಬ ಕಟ್ಟಬೇಕಾದುದು ದೀಪದ 34 ಯೂನಿಟ್‌ಗಳ ಹಣವನ್ನಲ್ಲ, 209 ಯೂನಿಟ್‌ಗಳ ಹಣವನ್ನು. ಯೋಜನೆಯ ಫಲಾನುಭವಿಗಳು ತಮ್ಮ ಹಿಂದಿನ ಆರು ತಿಂಗಳ ಬಿಲ್ಲುಗಳನ್ನು ಎದುರಿಗಿಟ್ಟುಕೊಂಡೇ ದೀಪದ ಬಗ್ಗೆ ನಿರ್ಧರಿಸುವಂತೆ ಕೋರಲಾಗಿದೆ.

ಬಾಲ್ಕನಿಯಲ್ಲಿ ಮೂರು ನಾಲ್ಕು ಗಂಟೆ ಬಿಸಿಲು ಬರುತ್ತಿದ್ದು ಸ್ವಲ್ಪ ಕೊರತೆ ಇರುವವರು, ಅದೇ ದೀಪವನ್ನು ಸಂಜೆ 4 ಗಂಟೆಗಳ ಕಾಲ ಮಾತ್ರ ಬಳಸಿದಲ್ಲಿ ತಿಂಗಳಿಗೆ ಸುಮಾರು 10 ಯೂನಿಟ್‌ಗಳಲ್ಲಿ ಕೆಲಸವಾಗುತ್ತದೆ. ಗಿಡಕ್ಕೆ ರಾತ್ರಿ ಕನಿಷ್ಠ 6 ಗಂಟೆಗಳ ಕತ್ತಲೆ ಅವಶ್ಯವಿರುವುದರಿಂದ ದಿನವಿಡೀ ದೀಪ ಉರಿಸುವುದು ಹಾನಿಕರ. ಎಲೆಗಳು ಹಳದಿಯಾಗಿ ಒಣಗುತ್ತವೆ. ಬಿಸಿಲೂ ಇಲ್ಲದೆ, ದೀಪದ ಖರ್ಚೂ ಬೇಡವೆನ್ನುವವರು ಟೊಮೆಟೊ ಬದಲಿಗೆ ಕೊತ್ತಂಬರಿ, ಮೆಂತ್ಯ, ಪಾಲಕ್ ಸೊಪ್ಪುಗಳನ್ನು ಕಿಟಕಿಯ ಬಳಿ ಬೆಳೆದುಕೊಳ್ಳುವುದು ಹೆಚ್ಚು ಪ್ರಯೋಜನಕರ.

ತಳಿಯ ಆಯ್ಕೆ

ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್, ಅರ್ಕಾ ಸಾಮ್ರಾಟ್ ಮೊದಲಾದ ಮಿಶ್ರತಳಿಗಳು ಹೊಲದಲ್ಲಿ ಹೆಸರು ಮಾಡಿದವು. ರೈತರಿಗೆ ಅವು ಉತ್ತಮ ಆಯ್ಕೆ. ಆದರೆ ಅವುಗಳ ಬೆಳವಣಿಗೆ ಮನೆಯ ಬಕೆಟ್ಟಿಗೆ ದೊಡ್ಡದಾಗುತ್ತದೆ. ಒಳಾಂಗಣಕ್ಕೆ ಕುಬ್ಜ ಚೆರ್ರಿ ಟೊಮೆಟೊ ತಳಿಗಳು ಸೂಕ್ತ. ಫ್ಲೋರಿಡಾ ವಿಶ್ವವಿದ್ಯಾಲಯವು 1989ರಲ್ಲಿ ಬಿಡುಗಡೆ ಮಾಡಿದ ಮೈಕ್ರೋ-ಟಾಮ್ ತಳಿ 15ರಿಂದ 20 ಸೆಂ.ಮೀ. ಎತ್ತರಕ್ಕೆ ನಿಲ್ಲುತ್ತದೆ. ಟೈನಿ ಟಿಮ್ ಇದಕ್ಕಿಂತ ಸ್ವಲ್ಪ ಎತ್ತರದ್ದು. ಬೀಜದ ಪೊಟ್ಟಣದ ಮೇಲೆ ಗಿಡದ ಎತ್ತರವನ್ನು ನಮೂದಿಸಿರದಿದ್ದಲ್ಲಿ ಖರೀದಿಸದಿರುವುದು ಲೇಸು.

ಬೀಜ ಮೊಳೆಯಲು 5ರಿಂದ 8 ದಿನ, ಸಸಿ ನಾಟಿಗೆ ಬರಲು ಸುಮಾರು 25 ದಿನ ಬೇಕಾಗುತ್ತದೆ. ಹೂವಿನಿಂದ ಹಣ್ಣಾಗಲು 40ರಿಂದ 50 ದಿನ. ಬಿತ್ತಿದ ಮೂರು ತಿಂಗಳೊಳಗೆ ಮೊದಲ ಹಣ್ಣನ್ನು ನಿರೀಕ್ಷಿಸಬಹುದು.

ನೀರು

ಬೆಳಕಿನ ನಂತರ ಅತಿ ಹೆಚ್ಚು ವೈಫಲ್ಯಕ್ಕೆ ಕಾರಣವಾಗುವುದು ನೀರು. ಕೊಳವೆಬಾವಿಯ ನೀರಿನಲ್ಲಿ ಸಾಮಾನ್ಯವಾಗಿ ಸುಣ್ಣದ ಅಂಶ ಮತ್ತು ಬೈಕಾರ್ಬನೇಟ್ ಹೆಚ್ಚಿರುತ್ತದೆ. ಇದರಿಂದ ದ್ರಾವಣದ ರಸಸಾರ ಪ್ರತಿದಿನ ಏರುತ್ತಾ ಹೋಗಿ, ಕಬ್ಬಿಣಾಂಶ ಇದ್ದರೂ ಗಿಡಕ್ಕೆ ದೊರೆಯದೆ ಎಳೆಯ ಎಲೆಗಳು ಬಿಳಿಚಿಕೊಳ್ಳುತ್ತವೆ.

ಗಡಸು ನೀರಿನ ತೊಂದರೆಗೆ ಬೆಂಗಳೂರಿನ ಅನೇಕ ವಸತಿ ಸಮುಚ್ಚಯಗಳಲ್ಲಿ ನೀರು ಮೆದುಗೊಳಿಸುವ ಯಂತ್ರಗಳನ್ನು ಅಳವಡಿಸಲಾಗಿರುತ್ತದೆ. ಈ ಯಂತ್ರಗಳು ಉಪ್ಪಿನ ಸಹಾಯದಿಂದ ಕೆಲಸ ಮಾಡುತ್ತವೆ. ನೀರಿನಲ್ಲಿರುವ ಕ್ಯಾಲ್ಸಿಯಂ ತೆಗೆದು ಆ ಜಾಗದಲ್ಲಿ ಸೋಡಿಯಂ ಸೇರಿಸುತ್ತವೆ. ಸ್ನಾನಕ್ಕೆ, ಬಟ್ಟೆಗೆ ಇದು ಅನುಕೂಲ. ಗಿಡಕ್ಕೆ ಬೇಕಾದುದನ್ನು ತೆಗೆದು ಬೇಡವಾದುದನ್ನು ಕೊಟ್ಟಂತಾಗುವುದರಿಂದ ಜಲಕೃಷಿಗೆ ಈ ನೀರನ್ನು ಬಳಸಬಾರದು. ನಲ್ಲಿಯ ನೀರು ಮೆದುವಾಗಿದೆ ಎಂದು ಸಮಾಧಾನಪಟ್ಟುಕೊಳ್ಳುವ ಮುನ್ನ ಅದು ಮೂಲದಲ್ಲಿಯೇ ಮೆದುವೇ ಅಥವಾ ಯಂತ್ರದಿಂದ ಮೆದುವಾದುದೇ ಎಂದು ಸಂಘದ ಕಾರ್ಯದರ್ಶಿಯವರಲ್ಲಿ ವಿಚಾರಿಸಿಕೊಳ್ಳುವುದು.

ಆರ್.ಒ. ಯಂತ್ರದಿಂದ ಬರುವ ಶುದ್ಧ ನೀರು ಯೋಗ್ಯವಾಗಿದೆ. ಅದೇ ಯಂತ್ರದ ತ್ಯಾಜ್ಯ ನೀರನ್ನು ವ್ಯರ್ಥ ಮಾಡಬಾರದೆಂಬ ಸದುದ್ದೇಶದಿಂದ ಕೆಲವರು ಗಿಡಗಳಿಗೆ ಬಳಸುತ್ತಾರೆ. ಅದರಲ್ಲಿ ಮೂಲ ನೀರಿನ ಲವಣಗಳು ಸಾಂದ್ರವಾಗಿರುವುದರಿಂದ ನೆಲ ಒರೆಸಲು ಬಳಸಬಹುದೇ ಹೊರತು ಜಲಕೃಷಿಗಲ್ಲ. ಎಲ್ಲಕ್ಕಿಂತ ಉತ್ತಮವಾದುದು ಮಳೆನೀರು. ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದಲ್ಲಿ ಒಂದು ಲೀಟರ್ ನೀರಾಗುತ್ತದೆ. ಒಂದು ಕುಬ್ಜ ಗಿಡ ದಿನಕ್ಕೆ ಕಾಲಿನಿಂದ ಅರ್ಧ ಲೀಟರ್ ನೀರನ್ನಷ್ಟೇ ಬಳಸುವುದರಿಂದ, ಒಂದು ಒಳ್ಳೆಯ ಮಳೆಯ ನೀರು ನಾಲ್ಕು ಗಿಡಗಳಿಗೆ ವಾರಗಟ್ಟಲೆ ಸಾಕಾಗುತ್ತದೆ.

ಪಾತ್ರೆ ಮತ್ತು ವ್ಯವಸ್ಥೆ

ಸಿದ್ಧ ಘಟಕಗಳಲ್ಲಿ ಹೆಚ್ಚಾಗಿ ಕಂಡುಬರುವ ಕಿರಿದಾದ ಪೈಪುಗಳು ಸೊಪ್ಪಿಗಾಗಿ ರೂಪುಗೊಂಡವು. ಟೊಮೆಟೊ ಬೇರು ಎರಡೇ ತಿಂಗಳಲ್ಲಿ ಪೈಪನ್ನು ತುಂಬಿ ನೀರಿನ ಹರಿವನ್ನು ತಡೆಯುತ್ತದೆ. ಗಿಡವೊಂದಕ್ಕೆ 10ರಿಂದ 15 ಲೀಟರ್ ಹಿಡಿಯುವ, ಬೆಳಕು ಒಳನುಸುಳದ ಮುಚ್ಚಳಸಹಿತ ಬಕೆಟ್ಟು ಸಾಕು. ಬೆಳಕು ಒಳಹೋದಲ್ಲಿ ಪಾಚಿ ಬೆಳೆಯುತ್ತದೆ. ಹವಾಯಿ ವಿಶ್ವವಿದ್ಯಾಲಯದ ಕ್ರಾಟ್ಕಿ ಅವರು ರೂಪಿಸಿದ ಪಂಪುರಹಿತ ವಿಧಾನದಲ್ಲಿ, ಬಕೆಟ್ಟಿನ ದ್ರಾವಣ ಇಳಿಯುತ್ತಾ ಹೋದಂತೆ ಮೇಲ್ಭಾಗದ ಬೇರುಗಳು ಗಾಳಿಯನ್ನು ಹೀರಿಕೊಳ್ಳುತ್ತವೆ. ಮರುಪೂರಣ ಮಾಡುವಾಗ ಬಕೆಟ್ಟನ್ನು ಅಂಚಿನವರೆಗೆ ತುಂಬಿಸಿದಲ್ಲಿ ಗಾಳಿಗೆ ಒಗ್ಗಿದ ಬೇರುಗಳು ಉಸಿರುಗಟ್ಟಿ ಗಿಡ ಬಾಡುತ್ತದೆ. ನೀರಿದ್ದೂ ಗಿಡ ಬಾಡಿದೆ ಎಂಬ ದೂರಿಗೆ ಇದೊಂದು ಸಾಮಾನ್ಯ ಕಾರಣ. ಅರ್ಧದಷ್ಟು ಮಾತ್ರ ತುಂಬಿಸುವುದು.

ಹೊಸಬರಿಗೆ ಇದಕ್ಕಿಂತಲೂ ಕ್ಷಮಾಗುಣವುಳ್ಳ ಮಾಧ್ಯಮವೆಂದರೆ ತೆಂಗಿನ ನಾರಿನ ಪುಡಿ, ಅಂದರೆ ಕೊಕೊಪೀಟ್. ತಳದಲ್ಲಿ ರಂಧ್ರವಿರುವ ಬಕೆಟ್ಟಿನಲ್ಲಿ ಇದನ್ನು ತುಂಬಿ ದಿನಕ್ಕೆ ಒಂದೆರಡು ಬಾರಿ ದ್ರಾವಣ ಹಾಕಿದಲ್ಲಿ ವಿದ್ಯುತ್ ಕಡಿತದ ಭಯವೂ ಇರುವುದಿಲ್ಲ. ಕೊಕೊಪೀಟ್‌ನಲ್ಲಿ ಉಪ್ಪಿನಂಶ ಇರುವ ಸಾಧ್ಯತೆ ಇರುವುದರಿಂದ ಮೂರು ನಾಲ್ಕು ಬಾರಿ ನೀರಿನಲ್ಲಿ ತೊಳೆದು ಬಳಸತಕ್ಕದ್ದು.

ತೆರೆದ ಬಕೆಟ್ಟಿನಲ್ಲಿ ನಿಂತ ನೀರು ಡೆಂಗಿ ಹರಡುವ ಈಡಿಸ್ ಸೊಳ್ಳೆಯ ತವರು. 2024ರಲ್ಲಿ ರಾಜ್ಯದಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಲಾಗಿದ್ದು, ಸೊಳ್ಳೆ ಉತ್ಪತ್ತಿಗೆ ಆಸ್ಪದ ನೀಡುವ ಮನೆಗಳಿಗೆ ದಂಡ ವಿಧಿಸಲು ಅವಕಾಶ ಕಲ್ಪಿಸಲಾಗಿದೆ. ಮುಚ್ಚಳದ ಸಂದುಗಳನ್ನು, ಕೊಕೊಪೀಟ್ ಬಕೆಟ್ಟಿನ ಕೆಳಗಿನ ತಟ್ಟೆಯನ್ನು ವಾರಕ್ಕೊಮ್ಮೆ ತಪ್ಪದೆ ಪರಿಶೀಲಿಸುವುದು.

ಪೋಷಕಾಂಶ ದ್ರಾವಣ

ಅಂಗಡಿಗಳಲ್ಲಿ ಸುಲಭವಾಗಿ ದೊರೆಯುವ 19:19:19 ಗೊಬ್ಬರವನ್ನು ಮಾತ್ರ ನೀರಿಗೆ ಬೆರೆಸಿ ಜಲಕೃಷಿ ಮಾಡಲು ಹಲವರು ಪ್ರಯತ್ನಿಸುತ್ತಾರೆ. ಇದರಲ್ಲಿ ಕ್ಯಾಲ್ಸಿಯಂ ಇರುವುದಿಲ್ಲ. ಅಲ್ಲದೆ ಸಾರಜನಕದ ಅರ್ಧಕ್ಕಿಂತ ಹೆಚ್ಚು ಭಾಗ ಯೂರಿಯಾ ರೂಪದಲ್ಲಿರುತ್ತದೆ. ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಯೂರಿಯಾವನ್ನು ಗಿಡಕ್ಕೆ ಒಗ್ಗುವಂತೆ ಪರಿವರ್ತಿಸುತ್ತವೆ. ಶುದ್ಧ ನೀರಿನ ಬಕೆಟ್ಟಿನಲ್ಲಿ ಆ ಕೆಲಸ ಸರಿಯಾಗಿ ನಡೆಯುವುದಿಲ್ಲ. ಹೊಲಕ್ಕೆ ಒಳ್ಳೆಯದಾದ ಗೊಬ್ಬರ ಬಕೆಟ್ಟಿಗೂ ಒಳ್ಳೆಯದೆಂದು ಭಾವಿಸಬಾರದು.

ನೀರಿನಲ್ಲಿ ಕರಗುವ ಬಿಡಿ ಗೊಬ್ಬರಗಳಿಂದ ದ್ರಾವಣವನ್ನು ಮನೆಯಲ್ಲಿಯೇ ಸಿದ್ಧಪಡಿಸಿಕೊಳ್ಳಬಹುದು. ಆರ್.ಒ. ಅಥವಾ ಮಳೆನೀರು 10 ಲೀಟರ್‌ಗೆ ಕ್ಯಾಲ್ಸಿಯಂ ನೈಟ್ರೇಟ್ 8 ಗ್ರಾಂ, ಪೊಟ್ಯಾಸಿಯಂ ನೈಟ್ರೇಟ್ 4 ಗ್ರಾಂ, 0:52:34 ಎಂದು ಮಾರಾಟವಾಗುವ ಮೊನೊ ಪೊಟ್ಯಾಸಿಯಂ ಫಾಸ್ಫೇಟ್ 2 ಗ್ರಾಂ ಮತ್ತು ಮೆಗ್ನೀಸಿಯಂ ಸಲ್ಫೇಟ್ 5 ಗ್ರಾಂ. ಕಾಯಿ ಕಟ್ಟಿದ ನಂತರ ಪೊಟ್ಯಾಸಿಯಂ ನೈಟ್ರೇಟ್ ಪ್ರಮಾಣವನ್ನು 6 ಗ್ರಾಂಗೆ ಏರಿಸುವುದು. ಸಸಿಗಳಿಗೆ ಇದರ ಅರ್ಧದಷ್ಟು ಸಾಂದ್ರತೆ ಸಾಕು. ಶೇ. 12ರ ಕಬ್ಬಿಣದ ಇ.ಡಿ.ಟಿ.ಎ. ಪುಡಿ 10 ಲೀಟರ್‌ಗೆ ಕೇವಲ 0.2 ಗ್ರಾಂ ಬೇಕಾಗುವುದರಿಂದ ಮನೆಯ ತಕ್ಕಡಿಯಲ್ಲಿ ತೂಗಲಾಗದು. 10 ಗ್ರಾಂ ಪುಡಿಯನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿಟ್ಟುಕೊಂಡು ಅದರಿಂದ 20 ಮಿ.ಲೀ. ಅಳೆದು ಹಾಕುವುದು. ಬೋರಾನ್, ಸತು, ಮ್ಯಾಂಗನೀಸ್ ಮೊದಲಾದವುಗಳಿಗೆ ಲಘುಪೋಷಕಾಂಶ ಮಿಶ್ರಣವನ್ನು ಪೊಟ್ಟಣದ ಮೇಲಿನ ಪ್ರಮಾಣದಲ್ಲಿಯೇ ಬಳಸತಕ್ಕದ್ದು. ಬೋರಾನ್ ಹೆಚ್ಚಾದಲ್ಲಿ ವಿಷವಾಗುತ್ತದೆ. ಮಿಶ್ರಣದಲ್ಲಿ ಕಬ್ಬಿಣವೂ ಇದ್ದಲ್ಲಿ ಮೇಲ್ಕಂಡ ಕಬ್ಬಿಣದ ಪ್ರಮಾಣವನ್ನು ಆ ಮಟ್ಟಿಗೆ ಕಡಿಮೆ ಮಾಡುವುದು.

ಕ್ಯಾಲ್ಸಿಯಂ ನೈಟ್ರೇಟ್ ಅನ್ನು ಉಳಿದ ಗೊಬ್ಬರಗಳೊಡನೆ ಗಟ್ಟಿ ರೂಪದಲ್ಲಿ ಎಂದಿಗೂ ಬೆರೆಸಬಾರದು. ಕ್ಯಾಲ್ಸಿಯಂ, ಸಲ್ಫೇಟ್ ಮತ್ತು ಫಾಸ್ಫೇಟ್‌ಗಳು ಕೂಡಿ ಬಿಳಿಯ ಗಷ್ಟಾಗಿ ತಳದಲ್ಲಿ ಕೂರುತ್ತವೆ; ಗಿಡಕ್ಕೆ ಯಾವುದೂ ದಕ್ಕುವುದಿಲ್ಲ. ಒಂದನ್ನು ಪೂರ್ಣ ಪ್ರಮಾಣದ ನೀರಿನಲ್ಲಿ ಸಂಪೂರ್ಣ ಕರಗಿಸಿದ ನಂತರವೇ ಮತ್ತೊಂದನ್ನು ಸೇರಿಸುವುದು. ಸ್ವತಃ ತೂಕ ಮಾಡಲು ಇಚ್ಛಿಸದವರು ಎರಡು ಬಾಟಲಿಗಳಲ್ಲಿ ದೊರೆಯುವ ಸಿದ್ಧ ದ್ರಾವಣವನ್ನು ಬಳಸಬಹುದು. ಬಾಟಲಿಗಳು ಎರಡಿರುವುದಕ್ಕೆ ಕಾರಣವೂ ಇದೇ.

ದ್ರಾವಣದ ರಸಸಾರ 5.5ರಿಂದ 6.5ರ ನಡುವೆ ಇರಬೇಕು. ಬಣ್ಣ ಬದಲಾಗುವ ಹನಿ ಪರೀಕ್ಷೆಯ ಸಣ್ಣ ಬಾಟಲಿ ಇದಕ್ಕೆ ಸಾಕಾಗುತ್ತದೆ. ವಿದ್ಯುತ್ ವಾಹಕತೆ ಅಳೆಯುವ ಮೀಟರ್ ಇದ್ದಲ್ಲಿ ದೊಡ್ಡ ಗಿಡಗಳಿಗೆ 1.8ರಿಂದ 2.5ರವರೆಗೆ ಇರಿಸುವುದು. ರಸಸಾರ ಇಳಿಸಲು ನಿಂಬೆಹಣ್ಣು ಅಥವಾ ವಿನಿಗರ್ ಬಳಸಿದಲ್ಲಿ ಒಂದೆರಡು ದಿನದಲ್ಲಿಯೇ ಮತ್ತೆ ಏರುತ್ತದೆ. ದುರ್ಬಲಗೊಳಿಸಿದ ಫಾಸ್ಫಾರಿಕ್ ಆಮ್ಲ ಸ್ಥಿರವಾದ ಪರಿಹಾರ. ಆಮ್ಲವನ್ನು ನೀರಿಗೆ ಹನಿಹನಿಯಾಗಿ ಸೇರಿಸಬೇಕೇ ಹೊರತು ನೀರನ್ನು ಆಮ್ಲಕ್ಕೆ ಸುರಿಯಬಾರದು. ಕೈಗವಸು, ಕನ್ನಡಕ ಕಡ್ಡಾಯ.

ಹೂವು, ಕಾಯಿ ಮತ್ತು ತಾಪಮಾನ

ಟೊಮೆಟೊ ಹೂವಿನಲ್ಲಿ ಗಂಡು ಮತ್ತು ಹೆಣ್ಣು ಭಾಗಗಳೆರಡೂ ಇದ್ದು, ಪರಾಗ ಉದುರಲು ಕಂಪನವೊಂದೇ ಬೇಕು. ಹೊರಗೆ ಗಾಳಿ ಈ ಕೆಲಸ ಮಾಡುತ್ತದೆ, ಝೇಂಕರಿಸುತ್ತಾ ಹೂವನ್ನು ಅಲುಗಾಡಿಸುವ ಕೆಲವು ಕಾಡುಜೇನುಗಳೂ ಮಾಡುತ್ತವೆ. ಮುಚ್ಚಿದ ಕೋಣೆಯಲ್ಲಿ ಇವೆರಡೂ ಇರುವುದಿಲ್ಲ. ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರ ನಡುವೆ ಹೂಗೊಂಚಲಿನ ತೊಟ್ಟನ್ನು ಬೆರಳಿನಿಂದ ಮೆಲ್ಲಗೆ ತಟ್ಟುವುದು, ಅಥವಾ ಬ್ಯಾಟರಿ ಚಾಲಿತ ಹಲ್ಲುಜ್ಜುವ ಬ್ರಷ್ಷಿನ ಹಿಂಬದಿಯನ್ನು ಒಂದೆರಡು ಸೆಕೆಂಡು ತಾಗಿಸುವುದು. ಮನೆಯ ಮಕ್ಕಳಿಗೆ ಒಪ್ಪಿಸಿದಲ್ಲಿ ಸಂತೋಷದಿಂದ ಮಾಡುವ ಕೆಲಸವಿದು. ಮಂಗಳೂರು, ಉಡುಪಿ, ಕಾರವಾರದಂತಹ ತೇವಾಂಶ ಹೆಚ್ಚಿರುವ ಊರುಗಳಲ್ಲಿ ಪರಾಗ ಅಂಟಿಕೊಂಡು ಉದುರದಿರುವುದರಿಂದ ಸಣ್ಣ ಫ್ಯಾನಿನ ಗಾಳಿ ಅವಶ್ಯ.

ಹಗಲಿನ ತಾಪಮಾನ 21ರಿಂದ 27 ಡಿಗ್ರಿ, ರಾತ್ರಿಯದು 15ರಿಂದ 20 ಡಿಗ್ರಿ ಸೆಲ್ಸಿಯಸ್ ಇದ್ದಲ್ಲಿ ಉತ್ತಮ. 35 ಡಿಗ್ರಿ ದಾಟಿದಲ್ಲಿ ಪರಾಗ ಶಕ್ತಿಗುಂದಿ ಹೂಗಳು ಉದುರುತ್ತವೆ. ಕಲಬುರಗಿ, ರಾಯಚೂರು ಭಾಗದವರು ಬೇಸಿಗೆಯಲ್ಲಿ ಈ ಪ್ರಯತ್ನಕ್ಕೆ ಕೈಹಾಕದಿರುವುದು ಸೂಕ್ತ. ಬೇಸಿಗೆಯ ಬಾಲ್ಕನಿಯಲ್ಲಿ ಬಕೆಟ್ಟಿನ ದ್ರಾವಣವೇ ಕಾದು ಬೇರು ಕೊಳೆಯುತ್ತದೆ.

ಕಾಯಿಯ ತುದಿ ಕಪ್ಪಾಗಿ ಕುಳಿ ಬೀಳುವುದು ರೋಗವಲ್ಲ, ಕಾಯಿಗೆ ಕ್ಯಾಲ್ಸಿಯಂ ತಲುಪದಿರುವುದರ ಲಕ್ಷಣ. ದ್ರಾವಣದಲ್ಲಿ ಕ್ಯಾಲ್ಸಿಯಂ ಇದ್ದರೂ, ಒಂದು ದಿನ ಒಣಗಿಸಿ ಮರುದಿನ ತೋಯಿಸಿದಲ್ಲಿ ಹೀಗಾಗುತ್ತದೆ. ಎಲೆ ಮುದುಡಿ ಸಣ್ಣದಾಗಿ ಗಿಡ ಕುಗ್ಗಿದಲ್ಲಿ ಅದು ಬಿಳಿನೊಣ ಹರಡುವ ಎಲೆಮುದುಡು ನಂಜುರೋಗವಾಗಿರಬಹುದು. ಈ ನಂಜಾಣುವಿನ ಒಂದು ಪ್ರಭೇದಕ್ಕೆ ವಿಜ್ಞಾನಿಗಳು ಬೆಂಗಳೂರಿನ ಹೆಸರನ್ನೇ ಇಟ್ಟಿದ್ದಾರೆ. ಇದಕ್ಕೆ ಔಷಧವಿಲ್ಲ; ಗಿಡವನ್ನು ಕಿತ್ತು ಚೀಲದಲ್ಲಿ ಕಟ್ಟಿ ವಿಲೇವಾರಿ ಮಾಡುವುದು. ಹೊರಗಿನ ಸಸಿಗಳನ್ನು ತಂದು ನೆಡದೆ ಬೀಜದಿಂದಲೇ ಪ್ರಾರಂಭಿಸಿದಲ್ಲಿ ಈ ಅಪಾಯ ಬಹಳ ಕಡಿಮೆ. ಮನೆಯೊಳಗೆ ರಾಸಾಯನಿಕ ಕೀಟನಾಶಕಗಳನ್ನು ಸಿಂಪಡಿಸಬಾರದು.

ಸುರಕ್ಷತೆ

ನೀರು ಮತ್ತು ವಿದ್ಯುತ್ ಒಂದೇ ಜಾಗದಲ್ಲಿರುವುದರಿಂದ, ಪಂಪು ಹಾಗೂ ದೀಪದ ಸಂಪರ್ಕಕ್ಕೆ 30 ಮಿಲಿ ಆಂಪಿಯರ್ ಸಾಮರ್ಥ್ಯದ ಸೋರಿಕೆ ರಕ್ಷಕ ಸ್ವಿಚ್ಚನ್ನು ಕಡ್ಡಾಯವಾಗಿ ಅಳವಡಿಸಿಕೊಳ್ಳತಕ್ಕದ್ದು. ಎಕ್ಸ್‌ಟೆನ್ಶನ್ ಬೋರ್ಡನ್ನು ನೆಲದ ಮೇಲೆ ಇಡಬಾರದು. ಬಕೆಟ್ಟಿಗೆ ಕೈಹಾಕುವ ಮುನ್ನ ಸ್ವಿಚ್ಚನ್ನು ಆರಿಸುವುದು. ಪೊಟ್ಯಾಸಿಯಂ ನೈಟ್ರೇಟ್ ಬೆಂಕಿಯನ್ನು ಉದ್ದೀಪಿಸುವ ವಸ್ತುವಾದ್ದರಿಂದ ಅಡುಗೆಮನೆಯಲ್ಲಿ ಸಂಗ್ರಹಿಸಬಾರದು. ಗೊಬ್ಬರಗಳು ಸಕ್ಕರೆ, ಉಪ್ಪಿನಂತೆಯೇ ಕಾಣುವುದರಿಂದ ಹೆಸರು ಬರೆದ ಡಬ್ಬಗಳಲ್ಲಿ ಮಕ್ಕಳ ಕೈಗೆ ಸಿಗದಂತೆ ಇರಿಸುವುದು. ಟೊಮೆಟೊ ಗಿಡದ ಎಲೆ ಮತ್ತು ಕಾಂಡಗಳನ್ನು ಮಕ್ಕಳು, ಸಾಕುಪ್ರಾಣಿಗಳು ತಿನ್ನದಂತೆ ನೋಡಿಕೊಳ್ಳುವುದು.

ಎರಡು ಮೂರು ವಾರಗಳಿಗೊಮ್ಮೆ ಬದಲಿಸುವ ಹಳೆಯ ದ್ರಾವಣವನ್ನು ಚರಂಡಿಗೆ ಸುರಿಯದೆ, ಅಷ್ಟೇ ಪ್ರಮಾಣದ ನೀರು ಬೆರೆಸಿ ಕುಂಡದ ಹೂಗಿಡಗಳಿಗೆ ಅಥವಾ ರಸ್ತೆಬದಿಯ ಮರಗಳಿಗೆ ಹಾಕುವುದು. ಅದರಲ್ಲಿರುವ ನೈಟ್ರೇಟ್ ಮತ್ತು ಫಾಸ್ಫೇಟ್ ರಾಜಕಾಲುವೆಯ ಮೂಲಕ ಕೆರೆ ಸೇರಿದಲ್ಲಿ ಕಳೆ ಮತ್ತು ಪಾಚಿಗೆ ಗೊಬ್ಬರವಾಗುತ್ತದೆ.

ಅರ್ಜಿ ಸಲ್ಲಿಸಲು ಇಚ್ಛಿಸುವವರ ಗಮನಕ್ಕೆ

ತೋಟಗಾರಿಕೆಗೆ ಸಂಬಂಧಿಸಿದ ಸಹಾಯಧನಗಳು ಆಯಾ ವರ್ಷದ ಮಾರ್ಗಸೂಚಿ ಮತ್ತು ಅನುದಾನದ ಲಭ್ಯತೆಗೆ ಒಳಪಟ್ಟಿರುತ್ತವೆ. ಸಹಾಯಧನ ಖಂಡಿತ ದೊರೆಯುತ್ತದೆ ಎಂಬ ಮಾರಾಟಗಾರರ ಮಾತನ್ನು ನಂಬಿ ಮುಂಗಡವಾಗಿ ಘಟಕ ಖರೀದಿಸಬಾರದು. ಮನೆಬಳಕೆಯ ಸಣ್ಣ ಘಟಕಕ್ಕೆ ಆ ವರ್ಷದ ಮಾರ್ಗಸೂಚಿಯಲ್ಲಿ ಅವಕಾಶವಿದೆಯೇ, ಮಂಜೂರಾತಿಗೆ ಮುನ್ನ ಖರೀದಿಸಿದ ಉಪಕರಣಗಳನ್ನು ಪರಿಗಣಿಸಲಾಗುತ್ತದೆಯೇ ಎಂಬ ಎರಡು ಪ್ರಶ್ನೆಗಳನ್ನು ಲಿಖಿತವಾಗಿ ಕೇಳಿ, ಉತ್ತರವನ್ನು ಲಿಖಿತವಾಗಿಯೇ ಪಡೆದುಕೊಳ್ಳುವುದು. ಸ್ವಂತ ಖರ್ಚಿನಲ್ಲಿ ಪ್ರಾರಂಭಿಸುವವರು ಮೊದಲ ಹಂಗಾಮಿಗೆ ಒಂದೇ ಬಕೆಟ್ಟು, ಎರಡು ಬೀಜ, ಬಿಸಿಲು ಬೀಳುವ ಒಂದು ಮೂಲೆಗೆ ಸೀಮಿತಗೊಳಿಸಿಕೊಂಡಲ್ಲಿ ನಷ್ಟವಾದರೂ ಅಲ್ಪವಾಗಿರುತ್ತದೆ.

ಕಚೇರಿಗೆ ಭೇಟಿ ನೀಡುವವರು ಒಂದು ವಾರದ ಬಿಸಿಲಿನ ಸಮಯದ ಟಿಪ್ಪಣಿ, ನೀರಿನ ಪರೀಕ್ಷಾ ವರದಿ ಇದ್ದಲ್ಲಿ ಅದರ ಪ್ರತಿ, ಹಾಗೂ ಇತ್ತೀಚಿನ ವಿದ್ಯುತ್ ಬಿಲ್ಲುಗಳನ್ನು ಜೊತೆಗೆ ತಂದಲ್ಲಿ ಸೂಕ್ತ ಸಲಹೆ ನೀಡಲು ಅನುಕೂಲವಾಗುತ್ತದೆ. ನೀರಿನ ವರದಿಯಲ್ಲಿ ರಸಸಾರ, ವಿದ್ಯುತ್ ವಾಹಕತೆ, ಬೈಕಾರ್ಬನೇಟ್, ಸೋಡಿಯಂ ಮತ್ತು ಕ್ಯಾಲ್ಸಿಯಂ ಅಂಶಗಳನ್ನು ನಮೂದಿಸುವಂತೆ ಪ್ರಯೋಗಾಲಯವನ್ನು ಕೋರುವುದು. ಹೆಚ್ಚಿನ ಮಾಹಿತಿಗಾಗಿ ತಾಲ್ಲೂಕು ಮಟ್ಟದಲ್ಲಿ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಚೇರಿಯನ್ನು, ಜಿಲ್ಲಾ ಮಟ್ಟದಲ್ಲಿ ತೋಟಗಾರಿಕೆ ಉಪ ನಿರ್ದೇಶಕರ ಕಚೇರಿಯನ್ನು ಕೆಲಸದ ದಿನಗಳಂದು ಸಂಪರ್ಕಿಸಬಹುದಾಗಿದೆ.